ಕೊಂಬೆಗೆ ನೇತುಹಾಕಿದ ಚಪ್ಪಲಿ

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟರೆ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿ ಕಾಣಲಿಲ್ಲ. ಗೋಪಾಳ ಬಡಾವಣೆಯ ನಮ್ಮ ಮನೆಯ ಗೇಟಿನ ಪಕ್ಕದ ಹೊಂಗೆ ಮರ ರಾತ್ರಿಯೆಲ್ಲ ಹೂ ಉದುರಿಸಿ ಅದನ್ನು ಮುಚ್ಚಿಹಾಕಿತ್ತು. ಎತ್ತಿ ಕೊಡವಿದೆ. ಆ ಹೂವಿನ ಹಸಿ ವಾಸನೆ ಮೂಗಿಗೆ ಬಿತ್ತು ನೋಡಿ, ಹಾಲು ಮರೆತೇಹೋಯಿತು. ಕೈಯಲ್ಲಿ ಚಪ್ಪಲಿ ಹಿಡಿದು, ಬಾಯಿ ಬಿಟ್ಟುಕೊಂಡು ಮರ ನೋಡುತ್ತ ನಿಂತ ನನ್ನನ್ನು ಕಂಡು ಎದುರುಮನೆಯವರು ನಮಸ್ಕಾರ ಹೇಳುವುದೋ ಬೇಡವೋ ಎಂದು ಅನುಮಾನಿಸಿ ಒಳಗೆ ಹೋದರು.

ಅವರ ತಪ್ಪೇನಿಲ್ಲ. ಆದರೆ ನಿಮಗೆ ಹೇಳಬಹುದು. ನಾನು ಸೇರಿದ ಮೊದಲ ಶಾಲೆಗೆ ಗಂಟೆ ಇರಲಿಲ್ಲ, ಬೋರ್ಡು ಇರಲಿಲ್ಲ, ಗೋಡೆಯಂತೂ ಇರಲೇ ಇಲ್ಲ. ಇದ್ದದ್ದು ಒಂದು ಹೊಂಗೆ ಮರ, ಅದರ ಕೆಳಗಿನ ಕೊಂಬೆಗೆ ನೇತುಹಾಕಿದ ಒಂದು ಜೊತೆ ಚಪ್ಪಲಿ.

ಆಗ ನಾವು ಭದ್ರಾವತಿಯ ನ್ಯೂಟೌನಿನಲ್ಲಿದ್ದೆವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಕ್ವಾರ್ಟರ್ಸಿನ ಸಾಲು ಮುಗಿದು ನೆಲ ಹೊಳೆಯ ಕಡೆ ಇಳಿಯುವಲ್ಲಿ ಆ ಮರ. ಅದರ ಬುಡದಲ್ಲಿ ಸೀತಮ್ಮ ಟೀಚರು ಹದಿನೈದಿಪ್ಪತ್ತು ಮಕ್ಕಳ ಶಿಶುವಿಹಾರ ನಡೆಸುತ್ತಿದ್ದರು. ಕಟ್ಟಡ ಇನ್ನೇನು ಬಂತು ಎಂದು ಯಾರೋ ಅವರಿಗೆ ಮಾತು ಕೊಟ್ಟಿದ್ದರಂತೆ. ಅದು ಬರುವವರೆಗೆ ಎಂದು ಮರದಡಿ ಕೂತವರು, ಆಮೇಲೆ ಕಟ್ಟಡದ ಸುದ್ದಿ ಕೇಳುವುದನ್ನೇ ಬಿಟ್ಟರು. "ಮಳೆ ಬಂದ್ರೆ?" ಎಂದು ಅಮ್ಮ ಕೇಳಿದ್ದಕ್ಕೆ, "ಮಳೆ ಬಂದ್ರೆ ಮರಾನೇ ರಜಾ ಕೊಡುತ್ತೆ ಕಣ್ರೀ" ಎಂದಿದ್ದರು.

ಒಮ್ಮೆ ಅವರ ಎಡಗಾಲಿನ ಚಪ್ಪಲಿಯನ್ನು ನಾಯಿಯೊಂದು ಕಚ್ಚಿಕೊಂಡು ಹೋಗಿತ್ತು. ಅಂದಿನಿಂದ ಬಂದ ಕೂಡಲೇ ಎರಡನ್ನೂ ಕೊಂಬೆಗೆ ಸಿಕ್ಕಿಸುವುದು ರೂಢಿಯಾಯಿತು. ಅದೇ ನಮ್ಮ ಗಂಟೆ. ಅಡುಗೆಮನೆಯ ಕಿಟಕಿಯಿಂದ ಅಮ್ಮಂದಿರು ನೋಡಿ, "ಚಪ್ಪಲಿ ಹತ್ತಿತು, ಓಡು!" ಎಂದು ನಮ್ಮನ್ನು ಹೊರದಬ್ಬುತ್ತಿದ್ದರು.

ಕಲಿಸುತ್ತಿದ್ದದ್ದೇನು ಎಂದು ಕೇಳಬೇಡಿ. ಅಮ್ಮನಿಗೆ ಅದೇ ಕೊರಗು. "ಒಂದಕ್ಷರ ಬರಲ್ಲ, ಮೈತುಂಬ ಮಣ್ಣು ಮಾತ್ರ ಬರುತ್ತೆ" ಎನ್ನುತ್ತಿದ್ದಳು. ಅಲ್ಲಿ ತಮಿಳು ಮಕ್ಕಳಿದ್ದರು, ತೆಲುಗಿನವರಿದ್ದರು, ಲಾರಿ ಮೆಕ್ಯಾನಿಕ್ಕನ ಮಗಳು ಮುನ್ನಿ ಇದ್ದಳು. ಒಂದು ಇರುವೆ ಸಾಲು ಕಂಡರೆ ಒಬ್ಬ ಎರುಂಬು ಎನ್ನುವನು, ಇನ್ನೊಬ್ಬ ಚೀಮ, ಮುನ್ನಿ ಚ್ಯೂಂಟಿ. ಇಷ್ಟು ಸಣ್ಣ ಪ್ರಾಣಿಗೆ ನಾಲ್ಕು ಹೆಸರು, ನನಗೆ ಮಾತ್ರ ಒಂದೇ ಎಂದು ನಾನು ಮನೆಗೆ ಬಂದು ಅತ್ತಿದ್ದೆನಂತೆ.

ಆದರೆ ಒಂದನ್ನು ಮಾತ್ರ ಅವರು ದಿನವೂ ತಪ್ಪದೆ ಕಲಿಸಿದರು. ಮರ ಆಗುವುದು. ನಾವೆಲ್ಲ ಸುತ್ತಲೂ ಕೂರಬೇಕು. ಟೀಚರು ಅಂಗೈಯನ್ನು ನೆಲದ ಮೇಲೆ ಊರಿದರೆ ಎಲ್ಲರಿಗೂ ಬೇರು ಬಂತೆಂದು ಅರ್ಥ. "ಮರ ಮಾತಾಡಲ್ಲ. ಮರ ಕೆರ್ಕೊಳ್ಳಲ್ಲ." ನಡುವೆ ಹಕ್ಕಿಯೊಂದು ಬಂದು ಇಳಿಯುವವರೆಗೂ ಹಾಗೇ. ಅವರು ಕೈ ಎತ್ತಿದರೆ ಎಲ್ಲರೂ ಹೋ ಎಂದು ಚಿಮ್ಮಿ ಓಡಬಹುದು. ನನ್ನಂಥ ವಟಗುಟ್ಟುವವಳಿಗೆ ಇದು ಶಿಕ್ಷೆಯೇ. ಮೂಗು ತುರಿಸಬೇಕೆಂದು ನನಗೆ ನೆನಪಾಗುತ್ತಿದ್ದದ್ದು ಆಗಲೇ. ಆದರೂ ಮೊದಲ ಸಲ ಒಂದು ಗೊರವಂಕ ನನ್ನ ಕಾಲ್ಬೆರಳ ಹತ್ತಿರ ನಡೆದು ಬಂದು, ಹಳದಿ ಕಣ್ಣಿನಿಂದ ನನ್ನನ್ನು ನೋಡಿ, ಇವಳು ಮರವೇ ಸರಿ ಎಂದು ಒಪ್ಪಿಕೊಂಡು ಹೋಯಿತಲ್ಲ, ಅಂಥ ಸರ್ಟಿಫಿಕೇಟು ನನಗೆ ಆಮೇಲೆ ಯಾವ ಪರೀಕ್ಷೆಯಲ್ಲೂ ಸಿಗಲಿಲ್ಲ.

ಹೀಗೇ ಹೊಂಗೆ ಹೂ ಉದುರುವ ಕಾಲ. ನಾವು ಮರವಾಗಿ ಕೂತು ಹಕ್ಕಿಗೆ ಕಾಯುತ್ತಿದ್ದೆವು. ಬಂದದ್ದು ನಾಗರಹಾವು.

ಹೊಳೆಯ ಕಡೆಯ ಪೊದೆಯಿಂದ ಅದು ಹೂವಿನ ಮೇಲೆ ಸದ್ದಿಲ್ಲದೆ ಹರಿದು ಬಂತು. ನಮ್ಮ ಜೊತೆಯ ಹುಡುಗ ಸುಬ್ಬುವಿನ ಮೊಣಕಾಲ ಪಕ್ಕದಿಂದ ನಮ್ಮ ನಡುವೆ ನುಸುಳಿ, ಚಪ್ಪಲಿ ನೇತಾಡುತ್ತಿದ್ದ ಕೊಂಬೆಯ ನೇರಕ್ಕೆ ಬಂದು ನಿಂತಿತು. ಹೆಡೆ ಎತ್ತಿತು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ನೀವು ನಗಬೇಡಿ, ನಿಜವಾಗಿಯೂ ಆಗಲಿಲ್ಲ. ಇಷ್ಟು ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಿಸಿಲು ಹೆಡೆಯ ಮೇಲೆ ಬಿದ್ದು ಮೈ ಮಿರಮಿರ ಮಿಂಚುತ್ತಿತ್ತು. ನನ್ನ ಮೂಗು ಮಾತ್ರ ಪ್ರಾಣ ಹೋಗುವಂತೆ ತುರಿಸುತ್ತಿತ್ತು. ಅಪ್ಪಣೆಗಾಗಿ ಟೀಚರ ಕೈ ನೋಡಿದೆ. ಅಂಗೈ ನೆಲದ ಮೇಲೇ ಇತ್ತು, ಆದರೆ ಹಿಟ್ಟಿನ ಗಿರಣಿಯ ಹಲಗೆಯ ಹಾಗೆ ಗಡಗಡ ಅದುರುತ್ತಿತ್ತು. ಆ ಕೈ ಒಂದಿಷ್ಟು ಮೇಲೆದ್ದಿದ್ದರೆ ನಾವೆಲ್ಲ ಒಟ್ಟಿಗೆ ಹಾವಿನ ಸುತ್ತ ಚಿಮ್ಮಿ ಏಳುತ್ತಿದ್ದೆವು. ಕೈ ಏಳಲಿಲ್ಲ. ಹಾವು ಹೆಡೆ ಇಳಿಸಿ, ಮುನ್ನಿಯ ಲಂಗದ ಅಂಚನ್ನು ಸವರಿಕೊಂಡು ಆಚೆ ಹೋಯಿತು.

ಅದು ಪೂರ್ತಿ ಮರೆಯಾದ ಮೇಲೆ ಟೀಚರು ಕೈ ಎತ್ತಿದರು. ಸುಬ್ಬು, "ಟೀಚರ್, ಹಕ್ಕಿ ಬರ್ಲೇ ಇಲ್ಲ, ಇದು ಲೆಕ್ಕಕ್ಕಿಲ್ಲ" ಎಂದು ತಕರಾರು ತೆಗೆದ. ನಾನು, "ನಿಮ್ಮ ಕೈ ಯಾಕೆ ನಡುಗ್ತಿತ್ತು ಟೀಚರ್?" ಎಂದು ಕೇಳಿದೆ. ಅವರು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಫ್ಯಾಕ್ಟರಿ ಕಣೇ. ನೆಲ ಅಲ್ಲಾಡುತ್ತೆ" ಎಂದರು. ನಾನು ನಂಬಿದೆ. ಕಾರ್ಖಾನೆಯ ಊರಿನಲ್ಲಿ ನಂಬದಿರಲು ಕಾರಣವೂ ಇರಲಿಲ್ಲ.

ಇದನ್ನೆಲ್ಲ ಸುಬ್ಬುವಿನ ತಾಯಿ ರಾಜಮ್ಮ ಹಿತ್ತಲಿನಲ್ಲಿ ಒದ್ದೆ ಸೀರೆ ಹಿಡಿದು ನಿಂತ ಕಡೆಯಿಂದಲೇ ನೋಡಿದ್ದರು. ಕೂಗಲು ದನಿಯೇ ಹೊರಟಿರಲಿಲ್ಲವಂತೆ. ಇನ್ನು ಶಾಲೆ ಮುಚ್ಚಿಸುತ್ತಾರೆ ಎಂದು ಅಮ್ಮ ಲೆಕ್ಕ ಹಾಕಿದಳು. ಆದದ್ದೇ ಬೇರೆ. ಮರುದಿನ ನಾವು ಹೋದಾಗ ಮರದ ಬುಡದಲ್ಲಿ ಒಂದು ನಾಗರಕಲ್ಲು! ಅರಿಸಿನ, ಕುಂಕುಮ, ಹಾಲು, ಒಡೆದ ತೆಂಗಿನಕಾಯಿ. ರಾಜಮ್ಮ ಮಡಿಯುಟ್ಟು ನಿಂತಿದ್ದರು, ಜೊತೆಗೆ ಏಳೆಂಟು ಹೆಂಗಸರು.

"ಟೀಚರ್, ಚಪ್ಪಲಿ ಇಳಿಸ್ಬಿಡಿ," ಎಂದರು ರಾಜಮ್ಮ. ದನಿಯಲ್ಲಿ ಜಗಳವಿರಲಿಲ್ಲ, ಭಕ್ತಿ ಇತ್ತು. "ನಾಗಪ್ಪ ನನ್ನ ಮಗನ್ನ ಉಳಿಸಿಕೊಟ್ಟ. ಇನ್ಮೇಲೆ ಇದು ದೇವ್ರ ಜಾಗ. ಮಕ್ಕಳು ತುಳೀಬಾರ್ದು."

ಮುನ್ನಿಯ ಕೈ ಹಿಡಿದು ದೂರದಲ್ಲಿ ನಿಂತಿದ್ದ ಅವಳ ತಾಯಿ ಜುಬೇದಾ ಬೀ ಮೆಲ್ಲಗೆ, "ಹಂಗಾದ್ರೆ ನಮ್ಮ ಹುಡುಗೀನ ಎಲ್ಲಿ ಕೂರಿಸ್ತೀರಿ ಟೀಚರ್?" ಎಂದು ಕೇಳಿದರು. ಟೀಚರು ಚಪ್ಪಲಿ ಇಳಿಸಿ ದೂರ ನೆಲದ ಮೇಲಿಟ್ಟರು. ಶಾಲೆ ಮುಗಿಯಿತು ಎಂದುಕೊಂಡು ನಾನು ಅಳಲು ಶುರು ಮಾಡಿದೆ. ಆ ಕಲೆಯಲ್ಲಿ ನಾನು ಮುಂದಿದ್ದೆ.

"ರಾಜಮ್ಮ, ನಾಗಪ್ಪ ಬಂದಾಗ ಮಕ್ಕಳು ಏನ್ಮಾಡ್ತಿದ್ರು?" ಎಂದು ಟೀಚರು ಕೇಳಿದರು.

"ಸುಮ್ನೆ ಕೂತಿದ್ರು."

"ಹಾಗಾದ್ರೆ ಅವನಿಗೆ ಆಗಿಬರೋ ಪೂಜೆ ಅದೇ ತಾನೇ? ಬನ್ನಿ, ಎಲ್ಲರೂ ಕೂತ್ಕೊಳ್ಳಿ. ಜುಬೇದಾ, ನೀವೂ ಬನ್ನಿ."

ಅಂಗೈ ನೆಲಕ್ಕೆ ಬಂತು. ಅಮ್ಮಂದಿರ ಪಾಡು ನೋಡಬೇಕಿತ್ತು. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ನಗು, ಎಲ್ಲರ ಬಳೆಗಳೂ ಮಾತಾಡುತ್ತಿದ್ದವು. "ಮರ ಕೆರ್ಕೊಳ್ಳಲ್ಲಮ್ಮಾ!" ಎಂದು ಸುಬ್ಬು ತಾಯಿಯನ್ನು ಗದರಿದ. ಕೊನೆಗೆ ಬಳೆ ನಿಂತವು. ದೂರದ ಕಾರ್ಖಾನೆಯ ಗುಂಯ್ ಸದ್ದು ಕೇಳಿಸತೊಡಗಿತು, ಅದರ ಕೆಳಗೆ ಹೊಳೆ, ಅದಕ್ಕೂ ಕೆಳಗೆ ಹೂವಿನ ಮೇಲೆ ಹೂ ಬೀಳುವ ಟಪ್ ಟಪ್. ಅಳಿಲೊಂದು ಮರದಿಂದ ಇಳಿದು, ನಾಗರಕಲ್ಲಿನ ಹೆಡೆಯ ಮೇಲೇ ಕೂತು ತೆಂಗಿನಕಾಯಿ ಕೆರೆಯಿತು. ಆಮೇಲೆ ಹಾರಿ ರಾಜಮ್ಮನ ಮಡಿಸೀರೆಯ ಮಡಿಲನ್ನು ದಾಟಿ, ಜುಬೇದಾ ಬೀಯ ಮಡಿಲನ್ನೂ ದಾಟಿ ಓಡಿತು. ರಾಜಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ದೊಡ್ಡವರು ಹಾಗೆ ಬೆರಗಾಗಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೈ ಮೇಲೆದ್ದಿತು. ಆಗ ಮುನ್ನಿ, ಅವಳಿಗೆ ನಾಲ್ಕೋ ಐದೋ ವರ್ಷ, ಬರಿದಾದ ಕೊಂಬೆ ತೋರಿಸಿ ಹೇಳಿದಳು: "ನಿನ್ನೆ ಹಾವು ಚಪ್ಪಲಿ ಕೆಳಗಿಂದಾನೇ ಹೋಯ್ತು. ಬೈಲಿಲ್ಲ."

ರಾಜಮ್ಮ ತಲೆ ಎತ್ತಿ ಕೊಂಬೆ ನೋಡಿದರು. ಆಮೇಲೆ, "ಕಲ್ಲಿಗೆ ಪ್ರತಿಷ್ಠೆ ಇನ್ನೂ ಆಗಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಹೊಳೆ ಕಡೆ ಅರಳಿಕಟ್ಟೇಲಿ ಬೇರೆ ನಾಗಪ್ಪಗಳು ಇದಾವೆ. ಇವನಿಗೂ ಜೊತೆ ಆಗುತ್ತೆ." ಸೆರಗು ಕಟ್ಟಿ ಕಲ್ಲನ್ನು ಮಗುವಿನ ಹಾಗೆ ಎತ್ತಿಕೊಂಡರು. ಎರಡು ಹೆಜ್ಜೆ ಹೋದವರು ನಿಂತು, ಕಲ್ಲನ್ನು ಇನ್ನೊಬ್ಬರ ಕೈಗೆ ಕೊಟ್ಟು ತಿರುಗಿ ಬಂದರು. ನೆಲದ ಮೇಲಿದ್ದ ಟೀಚರ ಚಪ್ಪಲಿಯನ್ನು, ಆ ಮಡಿಯುಟ್ಟ ಹೆಂಗಸು, ತಮ್ಮ ಕೈಯಾರೆ ಎತ್ತಿ ಕೊಂಬೆಗೆ ಸಿಕ್ಕಿಸಿದರು. "ನಾಗಪ್ಪನಿಗಿಲ್ಲದ ಮೈಲಿಗೆ ನನಗ್ಯಾಕೆ ಮಾರಾಯ್ತಿ" ಎಂದು ಜುಬೇದಾ ಬೀಗೆ ಹೇಳಿ, ಇನ್ನೊಮ್ಮೆ ಸ್ನಾನ ಮಾಡಲು ಮನೆಗೆ ಹೋದರು.

ಇಷ್ಟನ್ನು ನೆನೆಯುತ್ತ ನಾನು ನನ್ನ ಚಪ್ಪಲಿಯನ್ನು ಗೇಟಿನ ಹೊಂಗೆಗೆ ಯಾವಾಗ ನೇತುಹಾಕಿದೆನೋ ತಿಳಿಯದು. ಮೊಮ್ಮಗಳು ಪುಟ್ಟಿ ಕಣ್ಣುಜ್ಜಿಕೊಂಡು ಬಂದು, "ಅಜ್ಜಿ, ಚಪ್ಪಲಿ ಯಾಕೆ ಮರದ ಮೇಲಿದೆ?" ಎಂದಳು. "ಸ್ಕೂಲು ಶುರುವಾಯ್ತು" ಎಂದೆ. ಹೂವಿನ ಮೇಲೆ ಇಬ್ಬರೂ ಕೂತೆವು, ಮಂಡಿ ನೋವಿನ ನಾನು ಎರಡು ಕಂತಿನಲ್ಲಿ. ನಿಯಮ ಹೇಳಿಕೊಟ್ಟು ಅಂಗೈ ಊರಿದೆ.

ಹಕ್ಕಿ ಬರಲಿಲ್ಲ. ಹೂವಿಗೆ ಬಂದಿದ್ದ ಒಂದು ಜೇನುಹುಳ ಪುಟ್ಟಿಯ ಕೆನ್ನೆಯ ಮೇಲೆ ಕೂತಿತು. ಹೊಡೆದೋಡಿಸಲು ಕೈ ತಾನಾಗಿಯೇ ಏಳುತ್ತಿತ್ತು. ಎದ್ದರೆ ಅವಳು ಚಿಮ್ಮುತ್ತಾಳೆ, ಅದು ಕಚ್ಚುತ್ತದೆ. ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದೆ. ಜೇನು ಕಣ್ಣಿನವರೆಗೆ ನಡೆದು, ಯೋಚಿಸಿ, ಹಾರಿಹೋಯಿತು. ಒಂದು ಜೇನುಹುಳ, ಒಂದು ಮಗು. ಅಷ್ಟಕ್ಕೇ ನನಗೆ ಉಸಿರು ನಿಂತಿತ್ತು. ಹೆದರಿಕೆಯೇ ಗೊತ್ತಿಲ್ಲದ ಹೆಂಗಸು ಎಂದುಕೊಂಡು ಇಷ್ಟು ವರ್ಷ ನಾನು ಸೀತಮ್ಮ ಟೀಚರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಇವತ್ತು ಕೈ ಮುಗಿದದ್ದು, ಹೆದರಿಯೂ ಕೈ ಎತ್ತದ ಬೇರೆಯೇ ಸೀತಮ್ಮ ಟೀಚರಿಗೆ.

"ಅಜ್ಜಿ, ನಿನ್ನ ಕೈ ಯಾಕೆ ನಡುಗ್ತಿತ್ತು?"

ಗೋಪಾಳದಲ್ಲಿ ನಮ್ಮ ಮನೆಯ ಹತ್ತಿರ ಯಾವ ಕಾರ್ಖಾನೆಯೂ ಇಲ್ಲ.

"ಫ್ಯಾಕ್ಟರಿ ಕಣೇ," ಎಂದೆ. "ನೆಲ ಅಲ್ಲಾಡುತ್ತೆ."

ಪುಟ್ಟಿ ತನ್ನ ಅಂಗೈಯನ್ನು ನೆಲಕ್ಕೆ ಒತ್ತಿ, ಸ್ವಲ್ಪ ಹೊತ್ತು ಹಾಗೇ ಇದ್ದು, "ಹೌದು" ಎಂದಳು.