ನಾಳೆಯ ಮಾತಿಲ್ಲದ ಭಾಷಣ

ಅಬುಧಾಬಿಯ ಆಸ್ಪತ್ರೆಯೊಂದರ ಕಚೇರಿಯಲ್ಲಿ ನನ್ನ ಕೆಲಸ ಬೇರೆಯವರ ಮಾತು ಬರೆಯುವುದು. ನಿರ್ದೇಶಕರ ಸ್ವಾಗತ ಭಾಷಣ, ಹಬ್ಬದ ಶುಭಾಶಯ, ನಿವೃತ್ತರಾಗುವ ನರ್ಸುಗಳಿಗೆ ಬೀಳ್ಕೊಡುಗೆ, ಎಲ್ಲವನ್ನೂ ಬರೆಯುವವಳು ನಾನು, ಓದುವವರು ಅವರು. ಒಮ್ಮೆ ಅಂಥದೊಂದು ಬೀಳ್ಕೊಡುಗೆ ಕೇಳುತ್ತ ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ನಮ್ಮ ಗ್ರೀಕ್ ದಂತವೈದ್ಯೆ ನನ್ನ ಕಡೆ ಬಾಗಿ, "ಇದು ನೀನು ಬರೆದದ್ದು ತಾನೆ? ನಮ್ಮವರ ಹಳೆಯ ರಾಜಧಾನಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ್ದರೆ ನಿನಗೆ ಅರಮನೆಯಲ್ಲೇ ಕೆಲಸ ಸಿಗುತ್ತಿತ್ತು" ಎಂದರು.

ತಮಾಷೆಗೆ ಆಡಿದ ಮಾತು. ನಾನು ಅದನ್ನು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಚಾಯ್ ಕುಡಿಯುತ್ತ ಅವರಿಂದ ಗ್ರೀಕ್ ಅಕ್ಷರ ಕಲಿತೆ. ಅಕ್ಷರದಿಂದ ವ್ಯಾಕರಣ, ವ್ಯಾಕರಣದಿಂದ ಹಳೆಯ ಗ್ರೀಕ್. ಕೆಲವು ವರ್ಷಗಳ ಮೇಲೆ ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ದೂರದಿಂದಲೇ ಪಿಎಚ್.ಡಿ.ಗೆ ಸೇರಿದೆ. ವಿಷಯ, ಮಧ್ಯಯುಗದ ಗ್ರೀಕರ ಭಾಷಣಕಲೆ.

ಆ ಕಾಲದ ಗ್ರೀಕ್ ಶಾಲೆಗಳಲ್ಲಿ ಒಂದು ಅಭ್ಯಾಸವಿತ್ತು. ಇಂಥ ಹೊತ್ತಿನಲ್ಲಿ ಇಂಥವರು ಏನು ಹೇಳಿಯಾರು ಎಂದು ಊಹಿಸಿ, ಅವರ ಬಾಯಿಯಿಂದಲೇ ಬಂದ ಹಾಗೆ ಬರೆಯುವುದು. ಒಳನಾಡಿನ ಮನುಷ್ಯ ಮೊದಲ ಬಾರಿ ಸಮುದ್ರ ಕಂಡರೆ ಏನೆಂದಾನು? ಅದಕ್ಕೆ ಕ್ರಮವೂ ಇತ್ತು: ಮೊದಲು ಈಗಿನ ಮಾತು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು. ಓದುವಾಗ ನನಗೆ ನಗು ಬರುತ್ತಿತ್ತು. ಉಡುಪಿಯ ಕಡಲಂಚಿನಲ್ಲಿ ಬೆಳೆದ ನಾನು ಮದುವೆಯಾಗಿ ಮೊದಲು ಇಳಿದದ್ದು ಗಂಡನ ಕೆಲಸದೂರಾದ ಮದೀನತ್ ಜಾಯೆದ್‌ಗೆ. ಸುತ್ತ ಮರಳು ಬಿಟ್ಟರೆ ಏನಿಲ್ಲ. ಅಂದು ನಾನು ಅಂದದ್ದು, "ಸಮುದ್ರ ಎಲ್ಲಿ?"

ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಅಂಥದೇ ಒಂದು ಸಣ್ಣ ಭಾಷಣದ ಮೇಲಿತ್ತು. ಕಡಲ್ಗಳ್ಳರ ಸೆರೆಯಿಂದ ಬಿಡುಗಡೆಯಾಗಿ ಬಂದ ಮಗನನ್ನು ಕಂಡ ತಾಯಿ ಏನು ಹೇಳಿಯಾಳು? ಹಸ್ತಪ್ರತಿಯಲ್ಲಿ ಬರೆದವರ ಹೆಸರಿಲ್ಲ. ನಮ್ಮ ವಚನಗಳಲ್ಲಿ ಅಂಕಿತವಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ. ಭಾಷೆ ಸೊಗಸಾಗಿದೆ ಎಂಬ ಕಾರಣಕ್ಕೆ ವಿದ್ವಾಂಸರು ಅದನ್ನು ಆ ಕಾಲದ ದೊಡ್ಡ ವಾಗ್ಮಿಯೊಬ್ಬನ ಲೆಕ್ಕಕ್ಕೆ ಹಾಕಿದ್ದರು. ತಾಯಿ ಈಗಿನದನ್ನು ಹೇಳುತ್ತಾಳೆ, ಹಿಂದಿನದನ್ನು ಹೇಳುತ್ತಾಳೆ, ಆಮೇಲೆ "ಬಾಗಿಲಲ್ಲಿ ನಿಲ್ಲಬೇಡ, ಗಾಳಿ ಬರುತ್ತಿದೆ, ಒಳಗೆ ಬಾ" ಎನ್ನುತ್ತಾಳೆ. ಅಷ್ಟಕ್ಕೆ ನಿಂತುಹೋಗುತ್ತದೆ. ಮುಂದಿನ ಮಾತೇ ಇಲ್ಲ. ಆದ್ದರಿಂದ ಕೊನೆಯ ಭಾಗ ಕಳೆದುಹೋಗಿದೆ ಎಂದು ಎಲ್ಲರೂ ಒಪ್ಪಿದ್ದರು.

ಕಳೆದಿಲ್ಲ, ಇದು ಪೂರ್ಣವಾಗಿಯೇ ಇದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸು ಹೇಳಿತೆಂದು ಪ್ರಬಂಧ ಬರೆಯಲಾಗುವುದಿಲ್ಲ. "ಕಾರಣ ಸಿಗದಿದ್ದರೆ ಆ ಅಧ್ಯಾಯ ತೆಗೆದುಬಿಡು" ಎಂದು ನನ್ನ ಮಾರ್ಗದರ್ಶಕಿ ಖಡಾಖಂಡಿತವಾಗಿ ಹೇಳಿದ್ದರು.

ಆ ದಿನಗಳಲ್ಲೇ ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಎದುರು ಫ್ಲಾಟಿನ ಬ್ಯಾರಿ ಅಕ್ಕನ ಮನೆಯಲ್ಲಿ ದೊಡ್ಡ ಸಂಕಟ. ಅವರ ಹಿರಿಯ ಮಗ ಸರಕು ಹಡಗಿನಲ್ಲಿ ಇಂಜಿನಿಯರ್. ಹಡಗಿನ ಮಾಲೀಕರು ಕೈಯೆತ್ತಿ ಕೂತಿದ್ದರಿಂದ, ಕಾಗದಪತ್ರ ಸರಿಯಿಲ್ಲದೆ ಹುಡುಗರು ದಡಕ್ಕಿಳಿಯಲಾಗದೆ ಸಮುದ್ರದಲ್ಲೇ ಸಿಕ್ಕಿಬಿದ್ದಿದ್ದರು. ಸಂಜೆ ನಾನು ಕೆಲಸದಿಂದ ಬಂದದ್ದು ಕಂಡರೆ ಅಕ್ಕ ಬಾಗಿಲು ತೆರೆದು ಬರುತ್ತಿದ್ದರು. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುವುದು ಅವರ ರೂಢಿ.

"ಅವ ಬರ್ಲಿ ಬಾಯಮ್ಮ, ಇನ್ನು ಹಡಗಿಗೆ ಕಳಿಸುದೇ ಇಲ್ಲ ನಾನು. ಊರಲ್ಲಿ ಒಂದು ಅಂಗಡಿ ಇಟ್ಟು ಕೊಡುದು. ಮದುವೆ ಮಾಡ್ಸುದು" ಎನ್ನುತ್ತಿದ್ದರು. ಮರುದಿನ, "ಬಾರದಿದ್ರೆ ಎಂತ ಮಾಡುದು? ಹೇಳಿ" ಎಂದು ನನ್ನ ಕೈ ಹಿಡಿಯುತ್ತಿದ್ದರು. ಹಾಗೆ ತಿಂಗಳುಗಟ್ಟಲೆ.

ಕೊನೆಗೆ ಬಿಡುಗಡೆಯ ಸುದ್ದಿ ಬಂತು. ದುಬೈ ಬಂದರಿಗೆ ಹೋಗಿ ಕರೆತರಬೇಕು. ಅಕ್ಕನ ಗಂಡನಿಗೆ ಸಂತೋಷಕ್ಕೆ ಕೈಕಾಲು ಆಡುತ್ತಿರಲಿಲ್ಲ. "ಯಲ್ಲಾ, ಹೊರಡಿ" ಎಂದು ಕಾರು ನಾನೇ ತೆಗೆದೆ. ಗೇಟಿನ ಹೊರಗೆ ಬಿಸಿಲಿನಲ್ಲಿ ಕಾದೆವು. ಗಡ್ಡ ಬಿಟ್ಟ, ಅರ್ಧ ಇಳಿದುಹೋದ ಹುಡುಗ ಬ್ಯಾಗು ಹಿಡಿದು ಬಂದ. ಅಕ್ಕ ಓಡಲಿಲ್ಲ, ಅಳಲಿಲ್ಲ. ಅವನ ಕುತ್ತಿಗೆಯ ಬೆವರನ್ನು ತಮ್ಮ ಶಾಲಿನಿಂದ ಒರೆಸಿ, ಬ್ಯಾರಿ ಭಾಷೆಯಲ್ಲಿ, "ಬಿಸಿಲಲ್ಲಿ ನಿಲ್ಬೇಡ, ಕಾರಲ್ಲಿ ಕೂತ್ಕೊ" ಎಂದರು. ಅಷ್ಟೆ.

ಮನೆಗೆ ಬಂದು, ಅವನು ಮಲಗಿದ ಮೇಲೆ ನಾನು ಕೇಳಿದೆ. "ಅಕ್ಕ, ಅಂಗಡಿ, ಮದುವೆ ಅಂತ ಅಷ್ಟೆಲ್ಲ ಹೇಳ್ತಿದ್ರಿ. ದಾರಿಯಲ್ಲಿ ಒಂದು ಮಾತೂ ಎತ್ತಲಿಲ್ಲವಲ್ಲ?"

"ಅದೆಲ್ಲ ಅವ ಇಲ್ಲದಾಗ ಹೇಳಿ ಆಯ್ತಲ್ಲ ಬಾಯಮ್ಮ. ಈಗ ಅವ ಇದ್ದಾನೆ. ಖಲಾಸ್, ಇನ್ನೆಂತ ಹೇಳ್ಲಿಕ್ಕುಂಟು?"

ನಾನು ಎದ್ದು ನಮ್ಮ ಮನೆಗೆ ಓಡಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಗ್ರೀಕ್ ಪಠ್ಯ ತೆಗೆದು ಮತ್ತೆ ಓದಿದೆ. ನಡುವಿನ ಭಾಗ, ಎಲ್ಲರೂ ಹಿಂದಿನ ಮಾತು ಎಂದುಕೊಂಡಿದ್ದ ಭಾಗ, ಏನು ಹೇಳುತ್ತದೆ? ಮಗ ಸೆರೆಯಲ್ಲಿದ್ದಾಗ ತಾಯಿ ನೆನೆದದ್ದನ್ನೆಲ್ಲ: ಬಂದರೆ ಹೀಗೆ ಮಾಡುತ್ತೇನೆ, ಬಾರದಿದ್ದರೆ ಹೀಗಾಗುತ್ತೇನೆ. ಸಾಲು ಸಾಲಾಗಿ ಭವಿಷ್ಯತ್ಕಾಲದ ಕ್ರಿಯಾಪದಗಳು. ಬರೆದವರು ನಾಳೆಯನ್ನು ಬಿಟ್ಟಿರಲಿಲ್ಲ, ನಿನ್ನೆಯೊಳಗೇ ಇಟ್ಟಿದ್ದರು. ಕಣ್ಣೆದುರೇ ಇದ್ದದ್ದು ಈಗ ಕಂಡಿತು.

ಮೌಖಿಕ ಪರೀಕ್ಷೆ ನಡೆದದ್ದು ವಿಡಿಯೊ ಕರೆಯಲ್ಲಿ, ಒಂದು ಮಧ್ಯಾಹ್ನ. ಕೆಲಸದೂರಲ್ಲೇ ಉಳಿದು ವಾರಕ್ಕೊಮ್ಮೆ ಬರುತ್ತಿದ್ದ ಗಂಡ ರಜೆ ಹಾಕಿ ಮದೀನತ್ ಜಾಯೆದ್‌ನಿಂದ ಬಂದಿದ್ದ. ಅವನನ್ನೂ ಮಗಳನ್ನೂ ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿದೆ. ಪರೀಕ್ಷಕರಲ್ಲಿ ಒಬ್ಬರು ವೃದ್ಧ ಪ್ರಾಧ್ಯಾಪಕರು. ಆ ಭಾಷಣ ದೊಡ್ಡ ವಾಗ್ಮಿಯದೇ ಎಂದು ಹಿಂದೆ ಬರೆದವರಲ್ಲಿ ಅವರೂ ಒಬ್ಬರು.

"ಕೊನೆಯ ಹಾಳೆ ಕಳೆದಿರಬಹುದಲ್ಲ?" ಎಂದು ಕೇಳಿದರು.

"ಮುಂದಿನ ಪಠ್ಯ ಅದೇ ಪುಟದಲ್ಲಿ ಶುರುವಾಗುತ್ತದೆ."

"ಲಿಪಿಕಾರ ನೋಡಿ ಬರೆದ ಮೂಲದಲ್ಲೇ ಕಳೆದಿದ್ದರೆ?"

ಈ ಪ್ರಶ್ನೆಗೇ ನಾನು ಕಾದಿದ್ದೆ. ನಡುವಿನ ಭಾಗದ ಕ್ರಿಯಾಪದಗಳನ್ನು ಒಂದೊಂದಾಗಿ ಗ್ರೀಕಿನಲ್ಲೇ ಓದಿದೆ. ನಾಳೆಯ ಮಾತೆಲ್ಲ ಅಲ್ಲೇ ಮುಗಿದಿದೆ, ಮಗ ಬಂದ ಮೇಲೆ ಉಳಿಯುವುದು ಬಾಗಿಲು ಮತ್ತು ಗಾಳಿ ಮಾತ್ರ ಎಂದೆ. ಆ ದೊಡ್ಡ ವಾಗ್ಮಿಯದೆಂದು ಖಚಿತವಾಗಿರುವ ಯಾವ ಅಭ್ಯಾಸದಲ್ಲೂ ಕ್ರಮ ತಪ್ಪಿಲ್ಲ. ಇಲ್ಲಿ ತಪ್ಪಿದ್ದು ಅರಿಯದೆ ಅಲ್ಲ, ಕ್ರಮವನ್ನು ಅರಗಿಸಿಕೊಂಡ ಕೈಯೊಂದು ಬೇಕೆಂದೇ ಮಾಡಿದ್ದು. ಹಾಗಾಗಿ ಇದು ಅವನದಲ್ಲ ಎಂದೆ.

"ಹಾಗಾದರೆ ನಿಮ್ಮ ಕರ್ತೃವಿಗೆ ಹೆಸರೇ ಇಲ್ಲ."

"ಹೆಸರಿಲ್ಲ ಸರ್. ಆದರೆ ಒಬ್ಬ ವ್ಯಕ್ತಿ ಕೂತು ಯೋಚಿಸಿ ಬರೆದ ಗುರುತಿದೆ. ಅಷ್ಟನ್ನೇ ನಾನು ಸಾಧಿಸಲು ಹೊರಟಿದ್ದು."

ಅವರು ಕನ್ನಡಕ ತೆಗೆದರು. ಸ್ವಲ್ಪ ಹೊತ್ತು ಪರದೆಯಲ್ಲಿ ಬರೀ ಅವರ ನೆತ್ತಿ ಕಾಣುತ್ತಿತ್ತು, ಪಠ್ಯದ ಮೇಲೆ ಬಗ್ಗಿ ಓದುತ್ತಿದ್ದರು. ತಲೆಯೆತ್ತಿದಾಗ ಮುಖವಿಡೀ ನಗು. "ಆ ಕಳೆದ ಭಾಗಕ್ಕಾಗಿ ನಾನು ಎಷ್ಟು ಗ್ರಂಥಾಲಯ ಸುತ್ತಿದ್ದೇನೆ ಗೊತ್ತಾ? ಇನ್ನು ಸುತ್ತಬೇಕಿಲ್ಲ. ಅಭಿನಂದನೆ, ಡಾಕ್ಟರ್" ಎಂದರು.

ಬಾಗಿಲು ತೆರೆಯುವ ಮೊದಲೇ ಮಗಳು ಕೂಗಿದಳು, "ಮಮ್ಮಾ, ಯು ಡಿಡ್ ಇಟ್!" ಕದಕ್ಕೆ ಕಿವಿಯಾನಿಸಿ ನಿಂತಿದ್ದಳು. ಗಂಡ ನನ್ನನ್ನು ಎತ್ತಲು ಹೋಗಿ ತನ್ನ ಸೊಂಟ ಹಿಡಿದುಕೊಂಡ. ಗಲಾಟೆ ಕೇಳಿ ಎದುರುಮನೆಯವರೆಲ್ಲ ಬಂದರು. ಅಕ್ಕ ಅಕ್ಕಿ ತರಿಯ ಪುಂಡಿ, ಕೋಳಿ ಸಾರು ತಂದರು.

ಊಟದ ಮಧ್ಯೆ ನಾನು ಆ ಭಾಷಣವನ್ನು ಕನ್ನಡದಲ್ಲಿ ಹೇಳಿದೆ. ಗಡ್ಡ ತೆಗೆದು ಮೈತುಂಬಿಕೊಂಡಿದ್ದ ಅಕ್ಕನ ಮಗ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳಿದ. ಮುಗಿದಾಗ ಅಕ್ಕ, "ಇದು ಹೆಂಗಸೇ ಬರ್ದದ್ದು ಬಾಯಮ್ಮ, ಅಲ್ವಾ?" ಎಂದರು.

ನಾನೂ ಎಷ್ಟೋ ಸಲ ಹಾಗಂದುಕೊಂಡಿದ್ದೆ. ಪುರಾವೆಯಿಲ್ಲದ್ದರಿಂದ ಪ್ರಬಂಧದಲ್ಲಿ ಬರೆದಿರಲಿಲ್ಲ. ಆದರೆ ಪರೀಕ್ಷೆ ಮುಗಿದಿತ್ತು.

"ಹೌದು ಅಕ್ಕ, ಹೆಂಗಸೇ" ಎಂದೆ, ಗಟ್ಟಿಯಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು.