ಗಾಜಿನ ಬಾಟಲಿಗೆ ಹಟ ಹಿಡಿದ ಚಾಚಿ

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಲಾರಿ ಮೆಕ್ಯಾನಿಕ್ ಒಬ್ಬರ ಹೆಂಡತಿ ಇದ್ದರು. ಓಣಿಗೆಲ್ಲ ಅವರು ಚಾಚಿ. ಸಿಟ್ಟು ಬಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಯಾಕ್ರಿ, ನಾವೇನು ಮನುಷ್ಯಾರಲ್ಲೇನು?" ಎನ್ನುವರು. ನೀರಿನ ನಲ್ಲಿಯ ಮುಂದೆ, ರೇಷನ್ ಅಂಗಡಿಯ ಮುಂದೆ ಆ ಮಾತನ್ನು ಎಷ್ಟೋ ಸಲ ಕೇಳಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನದ ಜ್ವರ ಇಳಿದರೂ ಎದೆಹಾಲು ಬತ್ತಿಹೋಗಿತ್ತು. ಕೂಸು ಹಸಿದು ಚೀರುತ್ತಿತ್ತು. ಚಾಚಿ ಅದನ್ನೆತ್ತಿಕೊಂಡು, ಹಾಲು ಕುಡಿಸುವ ಬಾಟಲಿ ತರಲೆಂದು ನನ್ನನ್ನೂ ಔಷಧಿ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ನಮ್ಮ ಮಾಸಿದ ಸೀರೆ ನೋಡಿ ಮಬ್ಬು ಪ್ಲಾಸ್ಟಿಕ್ ಬಾಟಲಿಯೊಂದನ್ನು ಮುಂದಿಟ್ಟ. ಚಾಚಿ ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಒಳಗ ಹೊಲಸು ಕುಂತ್ರ ಕಾಣಂಗಿಲ್ಲ. ಗಾಜಿಂದು ಕೊಡ್ರಿ."

"ಅವು ಆಫೀಸರ್ ಮನಿಯೋರಿಗೆ ಇಟ್ಟೀನಿ. ನಿಮಗ ಇದ ಸಾಕು, ಒಡಿಯಂಗಿಲ್ಲ."

ಚಾಚಿ ಸೆರಗು ಸಿಕ್ಕಿಸಿದರು. "ಯಾಕ್ರಿ, ನಾವೇನು ಮನುಷ್ಯಾರಲ್ಲೇನು? ಆಫೀಸರ್ ಕೂಸಿಗಷ್ಟ ಹೊಟ್ಟಿ ಐತೇನು? ಕೊಡೋತನಕ ನಾ ಇಲ್ಲಿಂದ ಏಳಂಗಿಲ್ಲ!" ಎಂದು ಅಳುವ ಕೂಸಿನೊಂದಿಗೆ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಗಿರಾಕಿಗಳು ದಾರಿಯಿಲ್ಲದೆ ಹೊರಗೆ ನಿಂತರು. ಕೊನೆಗೆ ಅವನು ಗೊಣಗುತ್ತಾ ಕಪಾಟಿನಿಂದ ಗಾಜಿನ ಬಾಟಲಿ ತೆಗೆದ.

"ಒಡದ್ರ ಮತ್ತ ಬರಬ್ಯಾಡ್ರಿ."

"ಒಡದ್ರ ಮತ್ತ ಬರ್ತೀವಿ. ಮತ್ತ ಗಾಜಿಂದ ಕೇಳ್ತೀವಿ!"

ಮನೆಗೆ ಬಂದು ಬಾಟಲಿ ಕುದಿಸಿ, ಆಕಳ ಹಾಲು ತುಂಬಿ, ಚಾಚಿಯೇ ಕುಡಿಸಿದರು. ಮಗಳು ಗಟಗಟ ಕುಡಿದು ಅವರ ತೊಡೆಯ ಮೇಲೆ ನಿದ್ದೆಹೋದಳು. ಅಂಗಡಿಯವನನ್ನು ಬೈಯುವುದನ್ನು ಚಾಚಿ ಆಗಲೂ ನಿಲ್ಲಿಸಲಿಲ್ಲ. ಕೂಸು ಎದ್ದೀತೆಂದು ದನಿಯನ್ನಷ್ಟೇ ತಗ್ಗಿಸಿದರು.