ಅಳಿವೆ ಬಾಗಿಲಲ್ಲಿ ನಿಂತು ಹಾಯಿಹಡಗು ನೋಡಿದ್ದು

ಡಿಸೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಆರೂವರೆಗೆ, ನಾನು, ನಮ್ಮ ಯಜಮಾನರು ಮತ್ತು ನನ್ನ ತಾಯಿ ಮಂಗಳೂರಿನ ಬಸ್ಸು ಹತ್ತಿದೆವು. ಯಡಿಯೂರಿನ ನಮ್ಮ ಮನೆಯಿಂದ ಮೆಜೆಸ್ಟಿಕ್ಕಿಗೆ ಆ ಚಳಿಯಲ್ಲಿ ಆಟೋ ಸಿಕ್ಕಿದ್ದೇ ದೇವರ ದಯೆ. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಎರಡನೆಯ ದಯೆ. ಅವರಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ.

ನಾವು ಹೊರಟಿದ್ದು ಹಾಯಿಹಡಗುಗಳ ಮೆರವಣಿಗೆ ನೋಡಲು. ನನ್ನ ತಮ್ಮ ಸೀನ ಆ ವರ್ಷ ನೌಕಾಪಡೆಗೆ ಸೇರಿ ತರಬೇತಿಯ ಹಾಯಿಹಡಗೊಂದರಲ್ಲಿದ್ದ. ಶನಿವಾರ ಆರು ಹಡಗುಗಳು ಸಾಲಾಗಿ ಮಂಗಳೂರಿನ ಮುಂದೆ ಹಾದುಹೋಗುತ್ತವೆ, ಅದರಲ್ಲಿ ನಮ್ಮದೂ ಒಂದು, ನಮಗೆ ದಡಕ್ಕೆ ಇಳಿಯಲು ಅಪ್ಪಣೆ ಇಲ್ಲ ಎಂದು ನನಗೆ ಬರೆದಿದ್ದ. ಹಾಯಿ ಕಟ್ಟಲು ನಾವು ಹುಡುಗರೇ ಕಂಬ ಹತ್ತುತ್ತೇವೆ, ಮೂರು ಮಹಡಿಗಿಂತ ಎತ್ತರ, ಇದನ್ನು ಮಾತ್ರ ಅಮ್ಮನಿಗೆ ಹೇಳಬೇಡ ಎಂದೂ ಬರೆದಿದ್ದ. ನಮ್ಮ ಯಜಮಾನರು ಕಾಗದವನ್ನು ಕೊನೆಯವರೆಗೆ ಗಟ್ಟಿಯಾಗಿ ಓದಿಬಿಟ್ಟರು. ಅಮ್ಮ ಹನುಮಂತನಗರದಿಂದ ಬಂದು ನಮ್ಮ ನಡುಮನೆಯಲ್ಲೇ ಕೂತಿದ್ದರು.

ಅಮ್ಮ ಎರಡು ದಿನ ನಮ್ಮಲ್ಲೇ ಉಳಿದರು. ಮೂರನೆಯ ದಿನ, "ನಾನೇ ಹೋಗಿ ಕಣ್ಣಾರೆ ನೋಡ್ತೀನಿ. ಅವನು ಹತ್ತೋದು ಸರಿ ಕಾಣದಿದ್ರೆ ಮೇಲಿನವರಿಗೆ ಅರ್ಜಿ ಬರೆಸಿ ಮನೆಗೆ ಕರ್ಕೊಂಡ್ಬರ್ತೀನಿ" ಎಂದರು. ತಂದೆ ಇಲ್ಲದ ಮನೆ. ಅಮ್ಮ ಕರೆದರೆ ಸೀನ ಬಂದೇ ಬರುತ್ತಿದ್ದ, ಆಮೇಲೆ ಜೀವಮಾನವೆಲ್ಲ ಕೊರಗುತ್ತಿದ್ದ. ಹಾಗಾಗಿ ಅಮ್ಮನಿಗೆ ಚೆನ್ನಾಗಿ ಕಾಣುವಂಥ ಜಾಗ ಹುಡುಕುವುದು ನನ್ನ ಪಾಲಿಗೆ ಬಂತು.

ಹಾಸನದಲ್ಲಿ ಇಡ್ಲಿ ತಿಂದೆವು. ಶಿರಾಡಿ ಘಾಟಿಯಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮ ಹೇಳಿಕೊಂಡರು. ಸಂಜೆ ನಾಲ್ಕಕ್ಕೆ ಮಂಗಳೂರು. ಡಿಸೆಂಬರಿನಲ್ಲೂ ಬೆವರು. ದೇವಸ್ಥಾನದ ಛತ್ರದಲ್ಲಿ ಕೋಣೆ ಸಿಕ್ಕಿತು, ಬಾವಿಯಲ್ಲಿ ಸಿಹಿ ನೀರಿತ್ತು. ಅಮ್ಮನನ್ನು ಮಲಗಲು ಬಿಟ್ಟು ನಾವಿಬ್ಬರೂ ಜಾಗ ನೋಡಲು ಹೊರಟೆವು.

ಛತ್ರದ ಗುಮಾಸ್ತರು ದೀಪಸ್ತಂಭದ ಗುಡ್ಡಕ್ಕೆ ಹೋಗಿ ಎಂದಿದ್ದರು. ಗುಡ್ಡ ಚೆನ್ನಾಗಿತ್ತು, ಗಾಳಿ, ಕೂರಲು ಕಲ್ಲುಬೆಂಚು. ಆದರೆ ದೂರದಲ್ಲಿ ಹೋಗುತ್ತಿದ್ದ ಒಂದು ಹಡಗು ಬೆಂಕಿಪೊಟ್ಟಣದಷ್ಟೇ ಕಂಡಿತು. ಅಲ್ಲಿಂದ ಬಸ್ಸು ಹಿಡಿದು ಪಣಂಬೂರಿನ ಕಡಲತೀರಕ್ಕೆ ಹೋದೆವು. ಅಲ್ಲಿ ಆಗಲೇ ಗಣ್ಯರಿಗೆಂದು ಶಾಮಿಯಾನ ಹಾಕಿ ಹಗ್ಗ ಕಟ್ಟುತ್ತಿದ್ದರು. ನಮ್ಮಂಥವರು ಹಗ್ಗದ ಹಿಂದೆ, ಜನರ ತಲೆಗಳ ಹಿಂದೆ ನಿಲ್ಲಬೇಕು. ಅಮ್ಮ ಕುಳ್ಳಿ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಮಲಕ್ಕ. ಹಳೆ ಬಂದರಿನ ಎದುರು, ಹೊಳೆಯಾಚೆ ಮರಳುದಿಬ್ಬದ ಮೇಲೆ ಅವರ ಮನೆ, ಗಂಡ ಮೀನು ಹಿಡಿಯುವವರು. ನಾನು ಸುಮ್ಮನೆ ಕಷ್ಟ ಹೇಳಿಕೊಂಡೆ. ಹಡಗುಗಳು ಹಾದುಹೋಗುವುದನ್ನು ಎಲ್ಲಿಂದಾದರೂ ನೋಡಬಹುದು, ಆದರೆ ನಮ್ಮ ತರಬೇತಿ ಹಡಗು ಮೆರವಣಿಗೆ ಮುಗಿದ ಮೇಲೆ ಅಳಿವೆ ಬಾಗಿಲ ಹೊರಗೆ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಲಂಗರು ಹಾಕುವುದೆಂದು ಅವರ ಗಂಡನಿಗೆ ಬಂದರಿನವರು ಹೇಳಿದ್ದರಂತೆ.

"ಹುಡುಗರು ಕಂಬ ಹತ್ತುವುದು ಆಗ. ಸಮುದ್ರಕ್ಕೆ ಚಾಚಿದ ನಮ್ಮ ಕಲ್ಲಿನ ದಂಡೆಯ ತುದಿಗೆ ಬನ್ನಿ, ಎದುರೇ ಕಾಣ್ತದೆ" ಎಂದರು.

ಕೇಳದೆ ಸಿಕ್ಕ ಉಪಕಾರ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಶನಿವಾರ ಒಂಬತ್ತಕ್ಕೆ ಹಳೆ ಬಂದರಿನಿಂದ ದೋಣಿ. ತಲೆಗೆ ಇಪ್ಪತ್ತೈದು ಪೈಸೆ, ಹತ್ತು ನಿಮಿಷದ ದಾರಿ. ಆಚೆ ದಡದಲ್ಲಿ ಕಮಲಕ್ಕ ಕಾದಿದ್ದರು. ಮರಳಿನಲ್ಲಿ ಒಂದು ಮೈಲಿ ನಡೆಯುವಾಗಲೇ ಹಡಗುಗಳು ಕಾಣಿಸಿಕೊಂಡವು. ಆರೂ ಒಂದರ ಹಿಂದೊಂದು, ಹಾಯಿಗಳು ಗಾಳಿ ತುಂಬಿ ಉಬ್ಬಿದ್ದವು. ನಮ್ಮ ಯಜಮಾನರು ಬಾಯಿಬಿಟ್ಟು ನಿಂತರು. ಅಮ್ಮ ನಿಲ್ಲಲಿಲ್ಲ.

ದಂಡೆ ಶುರುವಾಗುವಲ್ಲಿ ತೊಂದರೆಯಾಯಿತು. ಮರಳಿಗೂ ಕಲ್ಲಿನ ದಂಡೆಗೂ ನಡುವೆ ಹತ್ತು ಹನ್ನೆರಡು ಅಡಿ ತಗ್ಗು. ಉಬ್ಬರ ಏರಿ ಮೀನಖಂಡದವರೆಗೆ ನೀರು ತುಂಬಿತ್ತು. ಅಮ್ಮ ಹಿಂದೆ ಸರಿದರು. ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಅಂದು ತದಿಗೆ. ಜಾಗ ಹುಡುಕುವ ಗಡಿಬಿಡಿಯಲ್ಲಿ ನಾನು ಪಂಚಾಂಗವನ್ನೇ ನೋಡಿರಲಿಲ್ಲ.

"ಇದು ಹೊಳೆ ನೀರು ಅತ್ತೆ, ಸಮುದ್ರ ಅಲ್ಲೆಲ್ಲೋ ಇದೆ" ಎಂದರು ನಮ್ಮ ಯಜಮಾನರು.

ಅಮ್ಮ ಕಮಲಕ್ಕನ ಮುಖ ನೋಡಿದರು. "ನೀನು ಇಲ್ಲಿಯವಳು. ಹೇಳಮ್ಮ."

"ಇಳಿತಕ್ಕೆ ಹೊಳೆ ಅಮ್ಮಾ. ಉಬ್ಬರಕ್ಕೆ ಎಲ್ಲ ಸಮುದ್ರವೇ. ಸುಳ್ಳು ಹೇಳ್ಲಿಕ್ಕಾಗ್ತದಾ?"

ನಮ್ಮ ಯಜಮಾನರು ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಐದು ಹಡಗುಗಳು ತೆಂಕಣಕ್ಕೆ ಸರಿದುಹೋದವು. ಎರಡು ಕಂಬದ ಬಿಳಿ ಹಡಗೊಂದು ತಿರುಗಿ ಬಂದು ಅಳಿವೆಯ ಮುಂದೆ ನಿಂತಿತು. ಮರಳಿನ ಮೇಲಿಂದ ಅದರ ಕಂಬದ ತುದಿ ಮಾತ್ರ ಕಾಣುತ್ತಿತ್ತು, ಉಳಿದದ್ದಕ್ಕೆ ದಂಡೆಯೇ ಮರೆ. ಇಷ್ಟು ದೂರ ಬಂದು ಕಾಣದೆ ಹೋದರೆ ಅಮ್ಮ ಆ ಸಂಜೆಯೇ ಅರ್ಜಿ ಬರೆಸುತ್ತಾರೆಂದು ನನಗೆ ಗೊತ್ತಿತ್ತು.

ಅಮ್ಮ ನೀರಿನ ಅಂಚಿಗೆ ಬಂದರು. ಆಮೇಲೆ ಕೈಮುಗಿದು, ಯಾರಿಗೋ ಎದುರಿಗಿದ್ದವರಿಗೆ ಹೇಳುವ ಹಾಗೆ ಹೇಳಿದರು: "ನನ್ನ ಮಗ ದಿನಾ ನಿನ್ನ ಮೇಲೇ ಇದ್ದಾನೆ, ತಿಥಿ ನೋಡದೆ. ಅವನಿಗೆ ತಗಲೋ ದೋಷ ಇದ್ರೆ ನನಗೇ ಬರಲಿ."

ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದೇಬಿಟ್ಟರು. ಕಮಲಕ್ಕ ಕೈ ಕೊಟ್ಟರು. ಅಮ್ಮ ಹಿಡಿದುಕೊಂಡರು.

ದಂಡೆಯ ತುದಿಯಿಂದ ಹಡಗು ಎರಡು ಫರ್ಲಾಂಗಿನಷ್ಟು ದೂರ. ಅಮ್ಮನಿಗೆ ಅಕ್ಕಿ ಆರಿಸಲು ಕನ್ನಡಕ ಬೇಕು, ದೂರದ್ದು ನನಗಿಂತ ಚೆನ್ನಾಗಿ ಕಾಣುತ್ತದೆ. ಸೀಟಿ ಕೇಳಿಸಿತು. ಬಿಳಿ ಬಟ್ಟೆಯ ಹುಡುಗರು ಹಗ್ಗದೇಣಿ ಹಿಡಿದು ಮೇಲೇರಿದರು, ಅಡ್ಡತೊಲೆಗಳ ಮೇಲೆ ಸಾಲಾಗಿ ಬಗ್ಗಿ ಹಾಯಿ ಮಡಿಸಿ ಕಟ್ಟತೊಡಗಿದರು. ಅಲೆ ಬಂದಾಗ ಕಂಬ ಪೂರ್ತಿ ಓಲಾಡುತ್ತಿತ್ತು. ನಾನು ಎರಡು ಸಲ ಕಣ್ಣು ಮುಚ್ಚಿದೆ. ಅಮ್ಮ ರೆಪ್ಪೆ ಹೊಡೆಯಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಜಪವೆಂದುಕೊಂಡೆ.

ಹಾಯಿ ಕಟ್ಟಿ ಮುಗಿದು ಹುಡುಗರು ಇಳಿದರು. ಒಬ್ಬ ಮೇಲೆಯೇ ಉಳಿದ. ಏನೋ ಹಗ್ಗ ಸಿಕ್ಕಿಕೊಂಡಿತ್ತು, ಬಿಡಿಸುತ್ತಿದ್ದ. ಬಿಸಿಲು ಸುಡುತ್ತಿತ್ತು, ದಂಡೆಯ ಮೇಲಿದ್ದ ನಾಲ್ಕಾರು ಜನರೂ ಹೊರಟುಹೋದರು. ದೋಣಿ ತಪ್ಪುತ್ತೆ ಅತ್ತೆ ಎಂದು ನಮ್ಮ ಯಜಮಾನರು ಎರಡು ಸಲ ಹೇಳಿದರು. ಅಮ್ಮ ಕಲ್ಲಿನ ಹಾಗೆ ನಿಂತಿದ್ದರು. ಕಾಲು ಗಂಟೆಯಾದ ಮೇಲೆ ಅವನೂ ಇಳಿದ.

"ಹದಿನಾರು. ಎಲ್ರೂ ಇಳಿದ್ರು. ನಡೀರಿ ಇನ್ನು" ಎಂದರು ಅಮ್ಮ.

"ಸೀನ ಯಾವನು ಅಂತ ಗೊತ್ತಾಯ್ತಾ?" ಎಂದು ಕೇಳಿದೆ.

"ಇಲ್ಲ. ಅದಕ್ಕೇ ಎಲ್ರನ್ನೂ ಎಣಿಸಿದೆ."

ವಾಪಸು ದೋಣಿಯಲ್ಲಿ ಅಮ್ಮ ಹಡಗಿನ ಕಡೆಗೇ ಮುಖ ಮಾಡಿ ಕೂತಿದ್ದರು. ಅರ್ಜಿಯ ಮಾತನ್ನು ಹೇಗೆ ಕೇಳುವುದೆಂದು ನಾನು ತಡವರಿಸುತ್ತಿರುವಾಗ ಅವರೇ ಹೇಳಿದರು.

"ಅವನಿಗೆ ಕಾಗದ ಬರಿ. ಹತ್ತೋದು ಹತ್ತಲಿ. ಇಳಿಯೋವಾಗ ಮಾತ್ರ ಆತುರ ಮಾಡಬೇಡ ಅಂತ ಬರಿ."